ದಾವಣಗೆರೆಯಲ್ಲಿ ಚಿಕ್ಕ ಮಕ್ಕಳಿಗೆ ಟ್ಯೂಷನ್ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆ.ಟಿ.ಜೆ. ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ವರ್ಷದಿಂದ ಸಂಜೆ ಟ್ಯೂಷನ್ ಮಾಡುತ್ತಿದ್ದೇನೆ. ಒಂದರಿಂದ ಐದನೇ ತರಗತಿಯ ಮಕ್ಕಳು ಬರುತ್ತಾರೆ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಎದುರು ಮನೆಯ ಹುಡುಗನೊಬ್ಬನಿಂದ ಇದು ಶುರುವಾಯಿತು. ಈಗ ಕಾಲೇಜು ಹುಡುಗಿಯರು, ಮದುವೆಯಾಗಿ ಮನೆಯಲ್ಲೇ ಇರುವವರು, ಕೆಲಸ ಹುಡುಕುತ್ತಿರುವ ಹುಡುಗರು ಬಂದು ವಿಚಾರಿಸುತ್ತಾರೆ. ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಬರೆದಿಟ್ಟಿದ್ದೇನೆ.

ನಾನಿನ್ನೂ ಡಿಗ್ರಿ ಓದುತ್ತಿದ್ದೇನೆ. ಬಿ.ಎಡ್. ಆಗಿಲ್ಲ. ಟ್ಯೂಷನ್ ಮಾಡಬಹುದಾ?

ಮಾಡಬಹುದು. ಮನೆಪಾಠ ಹೇಳಲು ಬಿ.ಎಡ್., ಡಿ.ಎಡ್. ಇರಲೇಬೇಕು ಎಂಬ ನಿಯಮ ಇಲ್ಲ. ಆದರೆ ಮೂರನೇ ತರಗತಿಯ ಗಣಿತ ನಿಮಗೆ ಬರುತ್ತದೆ ಎಂದ ಮಾತ್ರಕ್ಕೆ ಅದನ್ನು ಕಲಿಸಲೂ ಬರುತ್ತದೆ ಅಂದುಕೊಳ್ಳಬೇಡಿ. ಏಳು ಎಂಟಲ ಐವತ್ತಾರು ಅಂತ ನಮ್ಮ ಬಾಯಿಗೆ ತಾನಾಗೇ ಬರುತ್ತದೆ. ಅದು ಬಾರದ ಮಗುವಿನ ಪಕ್ಕ ಕೂತು, ಎಲ್ಲಿ ತಪ್ಪಿತು ಅಂತ ಹುಡುಕುವುದು ಬೇರೆಯೇ ಕೆಲಸ. ತಾಳ್ಮೆ ಇದ್ದರೆ ಒಂದು ವರ್ಷದಲ್ಲಿ ಕಲಿಯುತ್ತೀರಿ.

ನಾನು ಶಾಲೆಯಲ್ಲಿ ಟೀಚರ್. ಸಂಜೆ ಮನೆಯಲ್ಲಿ ಟ್ಯೂಷನ್ ಮಾಡಿದರೆ ತಪ್ಪಾ?

ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ನೋಡಿ. ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಎಂದು ಅದರಲ್ಲಿದೆ. ಸರ್ಕಾರಿ ಶಾಲೆಯ ಶಿಕ್ಷಕರು ಮಾತ್ರ ಅಂತ ಅಲ್ಲಿ ಬರೆದಿಲ್ಲ. ತಮ್ಮದೇ ತರಗತಿಯ ಮಕ್ಕಳನ್ನು ಸಂಜೆ ಮನೆಗೆ ಕರೆಸಿ ದುಡ್ಡು ತೆಗೆದುಕೊಳ್ಳುವುದಂತೂ ಬೇಡವೇ ಬೇಡ.

ಲೈಸೆನ್ಸ್, ನೋಂದಣಿ ಏನಾದರೂ ಬೇಕಾ?

ಮನೆಯಲ್ಲಿ ಐದಾರು ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವುದಾದರೆ ತಲೆ ಕೆಡಿಸಿಕೊಳ್ಳಬೇಡಿ. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ನೋಡಿ ಕೆಲವರು ಹೆದರಿದ್ದರು. ಅದು 50ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕೋಚಿಂಗ್ ಸೆಂಟರ್‌ಗಳಿಗೆ. ಮಳಿಗೆ ಬಾಡಿಗೆಗೆ ಹಿಡಿದು, ಬೋರ್ಡ್ ಹಾಕಿ, ಟ್ಯುಟೋರಿಯಲ್ ಅಂತಲೇ ನಡೆಸುವ ಯೋಚನೆ ಇದ್ದರೆ ಮಾತ್ರ ಮೊದಲು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಟ್ಯುಟೋರಿಯಲ್‌ಗಳ ನೋಂದಣಿಯ ಮಾತಿದೆ.

ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಲಿ?

ಮೊದಲ ವರ್ಷ ನಾಲ್ಕು. ಹೆಚ್ಚೆಂದರೆ ಆರು. ಎರಡನೇ ವರ್ಷ ನಾನು ಹದಿನಾಲ್ಕು ಮಕ್ಕಳನ್ನು ಸೇರಿಸಿಕೊಂಡಿದ್ದೆ. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಎಲ್ಲರೂ ಇದ್ದರು. ದುಡ್ಡು ಬಂತು. ಆದರೆ ಸಂಜೆಯಿಡೀ "ಸುಮ್ನಿರ‍್ರಿ" ಅನ್ನುವುದೇ ಆಯಿತು. ಆ ವರ್ಷ ಒಬ್ಬ ಹುಡುಗ ಮಾರ್ಚ್‌ವರೆಗೂ ನನ್ನ ಕಣ್ಣೆದುರೇ ಕೂತಿದ್ದ. ಅವನಿಗೆ ಓದಲು ಬರುವುದಿಲ್ಲ, ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಾನೆ ಎಂಬುದು ನನಗೆ ಗೊತ್ತೇ ಆಗಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ತರಗತಿಗಳೂ ಹತ್ತಿರಹತ್ತಿರ ಇರಲಿ. ಒಂದು–ಎರಡು–ಮೂರು ಒಟ್ಟಿಗೆ ಕೂರಬಹುದು. ನಮ್ಮ ಸರ್ಕಾರಿ ಶಾಲೆಗಳ ನಲಿ–ಕಲಿಯಲ್ಲಿ ಮಾಡುವುದೂ ಇದನ್ನೇ. ಆದರೆ ಒಂದನೇ ಕ್ಲಾಸಿನ ಮಗುವಿನ ಪಕ್ಕ ಏಳನೇ ಕ್ಲಾಸಿನವರು ಕೂತರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ.

ಮೊದಲ ದಿನ ಯಾವ ಪಾಠದಿಂದ ಶುರು ಮಾಡಲಿ?

ಯಾವ ಪಾಠವೂ ಬೇಡ. ಮೊದಲ ವಾರ ಪಠ್ಯಪುಸ್ತಕ ಬ್ಯಾಗಿನಲ್ಲೇ ಇರಲಿ. ಮಗು ಯಾವ ಕ್ಲಾಸು ಅನ್ನುವುದನ್ನು ಮರೆತು, ಅದಕ್ಕೆ ಏನು ಬರುತ್ತದೆ ಅಂತ ನೋಡಿ.

ನಾನು ಹೀಗೆ ಮಾಡುತ್ತೇನೆ. ಕನ್ನಡ ಓದುವುದು ನೋಡಲು ಒಂದು ಹಾಳೆಯಲ್ಲಿ ಊರುಗಳ ಹೆಸರು ಬರೆದಿಟ್ಟಿದ್ದೇನೆ. ಬಸ್ಸಿನ ಬೋರ್ಡಿನಲ್ಲಿ ಇರುವಂಥವು. ಮೊದಲು ಹರಿಹರ, ಜಗಳೂರು. ಒತ್ತಕ್ಷರ ಇಲ್ಲ. ಕಾಗುಣಿತ ಬಂದರೆ ಸಾಕು, ಓದಬಹುದು. ಆಮೇಲೆ ಹೊನ್ನಾಳಿ, ಚನ್ನಗಿರಿ. ಇವುಗಳಲ್ಲಿ ನಕಾರಕ್ಕೆ ನಕಾರದ್ದೇ ಒತ್ತು. ಕೊನೆಗೆ ಚಿತ್ರದುರ್ಗ. ಅದರಲ್ಲಿ ತಕಾರಕ್ಕೆ ರಕಾರದ ಒತ್ತು, ಜೊತೆಗೆ ಅರ್ಕಾವೊತ್ತು. ಎಷ್ಟೋ ಮಕ್ಕಳು "ಚಿತ್ರದುಗ್ರ" ಅನ್ನುತ್ತಾರೆ. ಅದು ದಡ್ಡತನ ಅಲ್ಲ. ಅರ್ಕಾವೊತ್ತನ್ನು ಅಕ್ಷರದ ಆಮೇಲೆ ಬರೆಯುತ್ತೇವೆ, ಆದರೆ ಮೊದಲು ಉಚ್ಚರಿಸುತ್ತೇವೆ. ಮಗು ಕಂಡ ಹಾಗೆ ಓದಿದೆ, ಅಷ್ಟೆ. ಇದನ್ನು ಯಾರಾದರೂ ಒಮ್ಮೆ ಬಿಡಿಸಿ ಹೇಳಬೇಕು. ಐದೇ ನಿಮಿಷದಲ್ಲಿ ಮಗು ಎಲ್ಲಿ ನಿಂತಿದೆ ಅಂತ ಈ ಹಾಳೆ ಹೇಳಿಬಿಡುತ್ತದೆ.

ಗಣಿತಕ್ಕೆ ಒಂದೇ ಒಂದು ಲೆಕ್ಕ ಸಾಕು. 42ರಲ್ಲಿ 17 ಕಳೆ. ಮೂರನೇ ಕ್ಲಾಸಿನ ಒಬ್ಬ ಹುಡುಗ 35 ಅಂತ ಬರೆದ. ಹೇಗೆ ಮಾಡಿದೆ ಅಂತ ಕೇಳಿದೆ. "ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲಿ ಎರಡು ಕಳೆದೆ" ಅಂದ. ಅವರ ಅಪ್ಪನದು ಮಂಡಕ್ಕಿ ಅಂಗಡಿ. ರಜಾ ದಿನ ಇವನೂ ಗಲ್ಲಾದ ಹತ್ತಿರ ಕೂರುತ್ತಾನೆ. ಪುಸ್ತಕ ಮುಚ್ಚಿಸಿ ಕೇಳಿದೆ: "ನಿನ್ನ ಹತ್ರ 42 ರೂಪಾಯಿ ಇದೆ. 17 ರೂಪಾಯಿ ಕೊಟ್ಟುಬಿಟ್ಟೆ. ಎಷ್ಟು ಉಳೀತು?" ಕಣ್ಣು ಮಿಟುಕಿಸುವಷ್ಟರಲ್ಲಿ "ಇಪ್ಪತ್ತೈದು" ಅಂದ. ಬಾಯಿಲೆಕ್ಕ ಪೂರಾ ಸರಿ ಇದೆ. ಹಾಳೆಯ ಮೇಲಿನ ಲೆಕ್ಕವೂ ಅದೇ ದುಡ್ಡಿನ ಲೆಕ್ಕ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬೆಂಕಿಕಡ್ಡಿಗಳನ್ನು ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ನಾಲ್ಕು ಕಟ್ಟು ಮಾಡಿದೆವು. ಮೇಲೆ ಬಿಡಿ ಎರಡು. ಏಳು ಕಡ್ಡಿ ಕೊಡು ಅಂದೆ. ಎರಡೇ ಇದೆ ಅಂದ. ಸ್ವಲ್ಪ ಹೊತ್ತು ಕೂತು ನೋಡಿ, ತಾನಾಗೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದ. ದಶಕದಿಂದ ಸಾಲ ತರುವುದು ಅಂದರೆ ಅಷ್ಟೇ. ಅದನ್ನು ನಾನು ಹೇಳಿಕೊಡಬೇಕಾಗಲೇ ಇಲ್ಲ.

ತಪ್ಪು ಉತ್ತರ ಕಂಡ ತಕ್ಷಣ ಕೆಂಪು ಪೆನ್ನು ಎತ್ತಬೇಡಿ. "ಹೇಗೆ ಮಾಡಿದೆ?" ಅಂತ ಕೇಳಿ. ಟ್ಯೂಷನ್ ಮಾಡುವವರಿಗೆ ನಾನು ಹೇಳುವ ಮುಖ್ಯವಾದ ಮಾತು ಇದೇ.

ತಂದೆತಾಯಿಗೆ ಡೈರಿಯ ಹೋಮ್‌ವರ್ಕ್ ಮುಗಿದರೆ ಸಾಕು. ನಾನು ಏನು ಮಾಡಲಿ?

ಎಲ್ಲರಿಗೂ ಬರುವ ಕಷ್ಟ ಇದು. ಮಗು ಬ್ಯಾಗ್ ಬಿಚ್ಚಿದ ಕೂಡಲೇ ಡೈರಿ ತೆಗೆಯುತ್ತದೆ. ಪ್ರಶ್ನೆ–ಉತ್ತರ ಎರಡು ಸಲ ಬರಿ, ಮಗ್ಗಿ ಬರಿ, ಇಂಗ್ಲಿಷ್ ಸ್ಪೆಲಿಂಗ್ ಐದು ಸಲ ಬರಿ. ಅದನ್ನೇ ಮಾಡಿಸುತ್ತಾ ಕೂತರೆ ಒಂದೂವರೆ ಗಂಟೆ ಮುಗಿದುಹೋಗುತ್ತದೆ. ಮಗು ಬರೆದಿರುತ್ತದೆ, ಆದರೆ ಏನನ್ನೂ ಕಲಿತಿರುವುದಿಲ್ಲ.

2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಪ್ರಕಾರ ಎರಡನೇ ತರಗತಿವರೆಗೆ ಹೋಮ್‌ವರ್ಕ್ ಕೊಡಲೇಬಾರದು. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆಯ ಕೆಲಸ. ಕೆಲವು ಮಕ್ಕಳ ಡೈರಿ ನೋಡಿದರೆ ಅಷ್ಟು ಒಂದೇ ದಿನಕ್ಕೆ ಇರುತ್ತದೆ. ಶಾಲೆಯ ಜೊತೆ ನಾವು ಜಗಳ ಆಡಲು ಆಗುವುದಿಲ್ಲ. ಆದರೆ ತಂದೆತಾಯಿಗೆ ಈ ವಿಷಯ ಹೇಳಬಹುದು. ಪೋಷಕರ ಸಭೆಯಲ್ಲಿ ಕೇಳಲು ಅವರಿಗೆ ಹಕ್ಕಿದೆ.

ನಾನು ಸೇರಿಸಿಕೊಳ್ಳುವಾಗಲೇ ಹೇಳಿಬಿಡುತ್ತೇನೆ. ಮೊದಲ ಅರ್ಧ ಗಂಟೆ ನನ್ನದು. ಓದುವುದು, ಲೆಕ್ಕ, ಒಂದು ಕಥೆ. ಆಮೇಲೆ ಡೈರಿ. ಉಳಿದರೆ ಮನೆಯಲ್ಲಿ ಮುಗಿಸಲಿ. ಒಪ್ಪದವರು ಬೇರೆ ಕಡೆ ಹೋಗುತ್ತಾರೆ, ಹೋಗಲಿ. ಉಳಿದವರು ದಸರಾ ರಜೆ ಹೊತ್ತಿಗೆ ಮಗು ಅಂಗಡಿ ಬೋರ್ಡ್ ಓದುವುದನ್ನು ಕಂಡು ತಾವೇ ಬಂದು ಹೇಳುತ್ತಾರೆ.

ಮಗುವಿನ ಹೋಮ್‌ವರ್ಕನ್ನು ನೀವು ಬರೆದುಕೊಡುವುದು ಮಾತ್ರ ಯಾವತ್ತೂ ಬೇಡ. ಪ್ರಾಜೆಕ್ಟ್, ಚಾರ್ಟ್ ಕೂಡ.

ಎಷ್ಟು ಹೊತ್ತು? ಯಾವ ಸಮಯ?

ಐದೂಕಾಲರಿಂದ ಆರೂಮುಕ್ಕಾಲು. ಚಿಕ್ಕವರಿಗೆ ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ. ಒಂದನೇ ಕ್ಲಾಸಿನವರನ್ನು ಒಂದು ಗಂಟೆಗೇ ಕಳಿಸಿ. ಶಾಲೆಯಿಂದ ಬಂದ ಮಗು ಮೊದಲು ಏನಾದರೂ ತಿಂದು, ಸ್ವಲ್ಪ ಆಡಿ ಬರಲಿ. ಹಸಿದ ಮಗುವಿಗೆ ಮಗ್ಗಿ ತಲೆಗೆ ಹೋಗುವುದಿಲ್ಲ. ನಮ್ಮನೆಯಲ್ಲಿ ಒಂದು ಡಬ್ಬಿ ತುಂಬ ಒಗ್ಗರಣೆ ಮಂಡಕ್ಕಿ ಯಾವಾಗಲೂ ಇರುತ್ತದೆ. ಅಪ್ಪ–ಅಮ್ಮ ಇಬ್ಬರೂ ದುಡಿಯಲು ಹೋಗುವ ಮನೆಯ ಮಕ್ಕಳು ನೇರ ಶಾಲೆಯಿಂದಲೇ ಬರುತ್ತಾರೆ. ಅವರಿಗೆ ಒಂದು ಹಿಡಿ.

ಭಾನುವಾರ ರಜೆ ಕೊಡಿ. ನಿಮಗೂ ಬೇಕು.

ಮನೆಮಾತು ಕನ್ನಡ ಅಲ್ಲದ ಮಕ್ಕಳು, ಇಂಗ್ಲಿಷ್ ಮೀಡಿಯಂ ಮಕ್ಕಳು ಬರುತ್ತಾರೆ. ಯಾವ ಭಾಷೆಯಲ್ಲಿ ಹೇಳಿಕೊಡಲಿ?

ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ. ನಮ್ಮ ಊರಲ್ಲಿ ಉರ್ದು ಮಾತಾಡುವ ಮನೆಗಳಿವೆ, ಲಂಬಾಣಿ ಮಾತಾಡುವ ಮನೆಗಳಿವೆ, ತೆಲುಗು, ಮರಾಠಿ ಮನೆಗಳೂ ಇವೆ. ಬೀದಿಯಲ್ಲಿ ಆಡುವಾಗ ಎಲ್ಲರೂ ಕನ್ನಡ ಕಲಿತಿರುತ್ತಾರೆ. ಆದರೆ ಪುಸ್ತಕದ ಕನ್ನಡ ಅವರಿಗೆ ಹೊಸದು. ಉರ್ದು ಮನೆಮಾತಿನ ಒಬ್ಬಳು "ಕಟಾವು" ಅನ್ನುವ ಪದದ ಹತ್ತಿರ ನಿಂತುಬಿಟ್ಟಳು. ಭತ್ತದ ಗದ್ದೆ ಅವಳು ನೋಡಿಯೇ ಇರಲಿಲ್ಲ. ಹರಿಹರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಾಣುವ ಭದ್ರಾ ಚಾನೆಲ್ ಗದ್ದೆಗಳ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಮಾರನೇ ದಿನ ಆ ಪದಕ್ಕೆ ಉರ್ದುವಿನಲ್ಲಿ ಏನನ್ನುತ್ತಾರೆ ಅಂತ ಅವರಮ್ಮನನ್ನು ಕೇಳಿಕೊಂಡು ಬಂದು ನನಗೇ ಹೇಳಿಕೊಟ್ಟಳು.

ಇಂಗ್ಲಿಷ್ ಮೀಡಿಯಂ ಮಗುವಿಗೂ ಗಣಿತವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಸಿ, ಆಮೇಲೆ ಇಂಗ್ಲಿಷ್ ಪದ ಕೊಡಿ. "ಇಂಗ್ಲಿಷ್‌ನಲ್ಲೇ ಮಾತಾಡಿಸ್ರಿ ಮಿಸ್" ಅನ್ನುವ ತಂದೆತಾಯಿಗೆ ಸಮಾಧಾನವಾಗಿ ಹೇಳಿ. ದಿನಾ ಹತ್ತು ನಿಮಿಷ ಇಂಗ್ಲಿಷ್ ಮಾತು ಇಟ್ಟುಕೊಳ್ಳಿ. ಅದರಲ್ಲಿ ತಪ್ಪೇನಿಲ್ಲ.

ಏನೇನು ಸಾಮಾನು ಬೇಕು?

ಚಾಪೆ, ಒಳ್ಳೆಯ ಬೆಳಕು, ಒಂದು ಚಿಕ್ಕ ಬೋರ್ಡ್, ಸ್ಲೇಟು ಬಳಪ. ಸ್ಲೇಟು ಈಗಲೂ ಬೇಕು. ತಪ್ಪಾದರೆ ಒರೆಸಬಹುದು, ಅದಕ್ಕೇ ಮಗು ಹೆದರುವುದಿಲ್ಲ. ಎಣಿಸಲು ಹುಣಸೆ ಬೀಜ, ಬೆಂಕಿಕಡ್ಡಿ. ಕರೆಂಟ್ ಹೋದರೆ ಇರಲಿ ಅಂತ ಒಂದು ಚಾರ್ಜಿಂಗ್ ಲೈಟ್. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕಥೆ ಓದಿಸಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. ಕನ್ನಡದ ಚಿತ್ರಕಥೆಗಳು ಅಲ್ಲಿ ಓದುವ ಮಟ್ಟದ ಪ್ರಕಾರ ಜೋಡಿಸಿವೆ. ದುಡ್ಡು ಕೊಡಬೇಕಿಲ್ಲ.

ಫೀಸ್ ಎಷ್ಟು ಇಡಲಿ?

ಬಡಾವಣೆಯಿಂದ ಬಡಾವಣೆಗೆ ಬೇರೆ. ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಕೇಳುವಷ್ಟನ್ನು ಹಳೇ ಊರಿನ ಓಣಿಯಲ್ಲಿ ಕೇಳಲು ಆಗುವುದಿಲ್ಲ. ನಿಮ್ಮ ಬೀದಿಯಲ್ಲಿ ಏನು ನಡೆಯುತ್ತಿದೆ ಅಂತ ವಿಚಾರಿಸಿ, ಆಮೇಲೆ ಗಂಟೆ ಲೆಕ್ಕ ಹಾಕಿ. ಒಂದು ಮಗುವಿಗೆ 500 ರೂಪಾಯಿ ಅಂದುಕೊಳ್ಳಿ. ಆರು ಮಕ್ಕಳಿಗೆ ತಿಂಗಳಿಗೆ 3,000. ದಿನಾ ಒಂದೂವರೆ ಗಂಟೆ, ತಿಂಗಳಿಗೆ 26 ದಿನ ಅಂದರೆ 39 ಗಂಟೆ. ಗಂಟೆಗೆ 77 ರೂಪಾಯಿಯೂ ಬೀಳುವುದಿಲ್ಲ. ಈ ಲೆಕ್ಕವನ್ನು ಮೊದಲೇ ಹಾಕಿದರೆ ಆಮೇಲೆ ಬೇಜಾರಾಗುವುದಿಲ್ಲ. ತುಂಬಾ ಕಮ್ಮಿ ಇಡಬೇಡಿ. ಒಮ್ಮೆ ಹೇಳಿದ ಫೀಸನ್ನು ವರ್ಷದ ಮಧ್ಯೆ ಏರಿಸುವುದು ಕಷ್ಟ.

ಅಣ್ಣ–ತಮ್ಮ ಇಬ್ಬರೂ ಬಂದರೆ ಎರಡನೆಯವನಿಗೆ ಕಮ್ಮಿ ಮಾಡುವುದು ನಮ್ಮ ಕಡೆ ವಾಡಿಕೆ. ನಾನೂ ಮಾಡುತ್ತೇನೆ.

ಫೀಸ್ ಕೊಡದೇ ಸತಾಯಿಸಿದರೆ?

ತಿಂಗಳ ಹತ್ತನೇ ತಾರೀಖಿನೊಳಗೆ ಅಂತ ಮೊದಲೇ ಹೇಳಿ. ಕೇಳಲು ನಾಚಿಕೆ ಬೇಡ, ನೀವು ದುಡಿದ ದುಡ್ಡು. ಆದರೆ ತಂದೆತಾಯಿಯನ್ನೇ ಕೇಳಿ. ಮಗುವಿನ ಹತ್ತಿರ, ಅದೂ ಬೇರೆ ಮಕ್ಕಳ ಎದುರು, "ನಿಮ್ಮಪ್ಪ ದುಡ್ಡು ಕೊಟ್ಟಿಲ್ಲ" ಅನ್ನಬೇಡಿ. ಚಿಕ್ಕವಳಿದ್ದಾಗ ನನಗೆ ಒಂದು ಟ್ಯೂಷನ್‌ನಲ್ಲಿ ಹಾಗೆ ಅಂದಿದ್ದರು. ಆಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ಅಪ್ಪನಿಗೆ ಕಾರಣವನ್ನೂ ಹೇಳಲಿಲ್ಲ.

ಹಮಾಲಿ ಕೆಲಸ, ಕಟ್ಟಡದ ಕೆಲಸದವರಿಗೆ ವಾರಕ್ಕೊಮ್ಮೆ ದುಡ್ಡು ಬರುತ್ತದೆ. ಅಂಥವರಿಗೆ ವಾರಕ್ಕಿಷ್ಟು ಅಂತ ಮಾಡಿಕೊಡಿ. ಅವರು ತಪ್ಪದೆ ಕೊಡುತ್ತಾರೆ.

"ಎಲ್ಡು ಬಿಡ್ರಿ ಮಿಸ್, ನಾವೇನೂ ಅನ್ನಲ್ಲ" ಅಂತ ತಂದೆತಾಯಿಯೇ ಹೇಳುತ್ತಾರೆ. ಹೊಡೆಯಬಹುದಾ?

ಬೇಡ. ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, "ಕತ್ತೆ" ಅನ್ನುವುದೂ ಬೇಡ. ತಂದೆತಾಯಿ ಒಪ್ಪಿಗೆ ಕೊಟ್ಟರೂ ಕಾನೂನು ಒಪ್ಪುವುದಿಲ್ಲ. ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ ಅದನ್ನು ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂನಡಿ ಜೈಲು ಶಿಕ್ಷೆಯಿದೆ.

ಕಾನೂನು ಬಿಡಿ. ಹೊಡೆತಕ್ಕೆ ಹೆದರುವ ಮಗು ತನಗೆ ಬಾರದ್ದನ್ನು ಮುಚ್ಚಿಡುತ್ತದೆ. ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಆಗ ನೀವು ಕಲಿಸುವುದಾದರೂ ಏನನ್ನು? ತಂದೆತಾಯಿ ಹಾಗೆ ಹೇಳಿದಾಗ ನಾನು "ನನಗೆ ಬಿಟ್ಟುಬಿಡ್ರಿ ಅಕ್ಕಾ, ನಾನು ನೋಡ್ಕೋತೀನಿ" ಅನ್ನುತ್ತೇನೆ. ಮಗುವಿಗೂ ಕೇಳುವ ಹಾಗೆ ಅನ್ನುತ್ತೇನೆ.

ಸುರಕ್ಷತೆ ಬಗ್ಗೆ ಏನು ನೋಡಿಕೊಳ್ಳಬೇಕು?

ಬಾಗಿಲು ತೆರೆದಿರಲಿ. ಪಾಠ ಪಡಸಾಲೆಯಲ್ಲಿ, ಓಡಾಡುವವರಿಗೆ ಕಾಣುವಂತಿರಲಿ. ಒಂದೇ ಮಗುವನ್ನು ಒಳಕೋಣೆಯಲ್ಲಿ ಕೂರಿಸಿಕೊಂಡು ಹೇಳಿಕೊಡುವುದು ಬೇಡ. ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಬೇರೆ ಯಾರಾದರೂ ಬಂದರೆ ಫೋನ್ ಮಾಡಿ ಕೇಳದೆ ಕಳಿಸಬೇಡಿ. ನೀರಿನ ತೊಟ್ಟಿ, ಮಹಡಿ ಮೆಟ್ಟಿಲು, ನಾಯಿ ಇದ್ದರೆ ಅದು, ಎಲ್ಲದರ ಮೇಲೆ ಕಣ್ಣಿರಲಿ.

ನೀವೇ ಮಗುವಿನ ಮನೆಗೆ ಹೋಗಿ ಹೇಳಿಕೊಡುವುದಾದರೆ, ಅದರಲ್ಲೂ ಹುಡುಗಿಯರು, ಮೊದಲ ಸಲ ಮನೆಯವರನ್ನು ಕರೆದುಕೊಂಡು ಹೋಗಿ. ಆ ಮನೆಯಲ್ಲಿ ಹೆಂಗಸರು ಇರುವ ಹೊತ್ತಿಗೇ ಸಮಯ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮಗು ಎಲ್ಲೂ ಹೇಳದ್ದನ್ನು ಕೆಲವು ಸಲ ಟ್ಯೂಷನ್ ಮಿಸ್ ಹತ್ತಿರ ಹೇಳುತ್ತದೆ. ಯಾರೋ ಮೈಮುಟ್ಟಿದರು, ಹೆದರಿಸಿದರು ಅಂತ ಹೇಳಿದರೆ ಸುಮ್ನೆ ಬಿಡಬೇಡಿ, ಗದರಿಸಬೇಡಿ. ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇರುವುದು 2012ರ ಪೋಕ್ಸೋ ಕಾಯ್ದೆ ಪ್ರಕಾರ ಅಪರಾಧ.

ಎಷ್ಟು ಹೇಳಿಕೊಟ್ಟರೂ ಒಂದು ಮಗುವಿಗೆ ಬರುತ್ತಲೇ ಇಲ್ಲ. ಏನು ಮಾಡಲಿ?

ಮೊದಲು ಕಣ್ಣು, ಕಿವಿ. ನಾಲ್ಕನೇ ಕ್ಲಾಸಿನ ಒಬ್ಬಳು ಬೋರ್ಡಿನಿಂದ ಬರೆದುಕೊಳ್ಳುವಾಗ ಸದಾ ತಪ್ಪು ಮಾಡುತ್ತಿದ್ದಳು. ಸ್ಲೇಟಿನ ಮೇಲೆ ಬರೆದುಕೊಟ್ಟರೆ ಸರಿ ಓದುತ್ತಿದ್ದಳು. ಕನ್ನಡಕ ಬಂದ ಮೇಲೆ ಅರ್ಧ ಸಮಸ್ಯೆ ಮುಗಿಯಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಂದೆತಾಯಿಗೆ ಹೇಳಬಹುದು.

ಕಣ್ಣು ಕಿವಿ ಸರಿ ಇದ್ದು, ಮಾತಿನಲ್ಲಿ ಚುರುಕಿದ್ದು, ಓದುವುದು ಬರೆಯುವುದು ಮಾತ್ರ ವರ್ಷಗಟ್ಟಲೆ ಬಾರದಿದ್ದರೆ ಅದು ಕಲಿಕೆಯ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಒಂದು. ನಾವು ಹೆಸರಿಡಬಾರದು. ವೈದ್ಯರಿಗೆ ತೋರಿಸಲು ಹೇಳಬೇಕು, ಅದೂ ಮೆತ್ತಗೆ. "ನಿಮ್ಮ ಮಗನಿಗೆ ಏನೋ ಆಗಿದೆ" ಅಂದರೆ ಯಾವ ತಾಯಿಗೂ ಸಂಕಟ ಆಗುತ್ತದೆ. "ಇವನು ಜಾಣ. ಓದೋದಕ್ಕೆ ಮಾತ್ರ ಯಾಕೋ ಕಷ್ಟ ಆಗ್ತಿದೆ, ಒಂದ್ಸಲ ತೋರಿಸೋಣ ಅಲ್ವಾ?" ಅನ್ನಿ.

ಮಕ್ಕಳು ಸಿಗುವುದು ಹೇಗೆ? ನನ್ನ ಪರೀಕ್ಷೆ ಬಂದಾಗ ಏನು ಮಾಡಲಿ?

ಜೂನ್ ಮೊದಲ ವಾರ ಅಕ್ಕಪಕ್ಕದವರಿಗೆ, ಹಾಲಿನ ಬೂತಿನಲ್ಲಿ, ಕಿರಾಣಿ ಅಂಗಡಿಯಲ್ಲಿ ಹೇಳಿ. ಒಂದು ಮಗು ಸರಿಯಾಗಿ ಕಲಿತರೆ ಅವರಮ್ಮನೇ ಇನ್ನೂ ಮೂವರನ್ನು ಕಳಿಸುತ್ತಾರೆ. ನಿಮ್ಮ ಸೆಮಿಸ್ಟರ್ ಪರೀಕ್ಷೆಯ ದಿನಗಳನ್ನು ಮೊದಲೇ ಹೇಳಿ ರಜೆ ತೆಗೆದುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ನೀವು ಬಾಗಿಲು ತೆರೆದಿಟ್ಟರೂ ಮಕ್ಕಳು ಬರುವುದಿಲ್ಲ. ಆ ವಾರ ರಜೆ ಅಂತ ನೀವೇ ಹೇಳಿಬಿಡಿ.

ಒಂದು ಮಗುವಿಗೆ ಇನ್ನು ಟ್ಯೂಷನ್ ಬೇಕಿಲ್ಲ ಅನ್ನಿಸಿದರೆ ಹೇಳಬೇಕಾ? ನನಗೆ ಒಂದು ಫೀಸ್ ತಪ್ಪುತ್ತದಲ್ಲ?

ಹೇಳಬೇಕು. ಆ ಮಂಡಕ್ಕಿ ಅಂಗಡಿಯ ಹುಡುಗನನ್ನು ಐದನೇ ಕ್ಲಾಸಿನ ಮಧ್ಯದಲ್ಲಿ ನಾನೇ ಕಳಿಸಿಕೊಟ್ಟೆ. ಅವರಮ್ಮ ಒಪ್ಪಲಿಲ್ಲ. "ಮನ್ಯಾಗೆ ಕೂತು ಓದಲ್ಲ ಮಿಸ್, ಇಟ್ಕೊಳ್ರಿ" ಅಂದರು. ಒಂದು ತಿಂಗಳು ನೋಡೋಣ, ಓದದಿದ್ದರೆ ಕಳಿಸಿ ಅಂದೆ. ತಿಂಗಳಾದ ಮೇಲೆ ಅವನೇ ಬಂದ. ಪುಸ್ತಕ ತಂದಿರಲಿಲ್ಲ. ಒಂದನೇ ಕ್ಲಾಸಿನ ತಂಗಿಯ ಕೈ ಹಿಡಿದುಕೊಂಡು ಬಂದಿದ್ದ. ಅವಳನ್ನು ಚಾಪೆಯ ಮೇಲೆ ಕೂರಿಸಿ, ಬೆಂಕಿಕಡ್ಡಿ ಡಬ್ಬಿ ಎಲ್ಲಿದೆ ಅಂತ ತೋರಿಸಿ, ಅಂಗಡಿಗೆ ಓಡಿದ.